ಎರೆಯುವ ಸುಮಿತ್ರಾಬಾಯಿ ಉಟ್ಟ ಸೀರೆ

ಬಸವನ ಬಾಗೇವಾಡಿಯ ಸುಮಿತ್ರಾಬಾಯಿ ಮೂವತ್ತು ವರ್ಷ ಬೇರೆಯವರ ಕೂಸುಗಳಿಗೆ ಎರೆದವಳು. ಮದುವೆಯಾದ ನಾಲ್ಕನೇ ವರ್ಷಕ್ಕೆ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮುಂಜಾನೆ ಏಳಕ್ಕೆ ಒಂದು ಮನೆ, ಒಂಬತ್ತಕ್ಕೆ ಇನ್ನೊಂದು. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಚಾಚಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತಿದ್ದಳು. ನಲವತ್ತು ದಿನ ಕಳೆದರೆ ಆ ಮನೆಯ ಋಣ ಮುಗಿಯಿತು.

ತೊಟ್ಟಿಲ ದಿನ ಎರೆಯುವವಳಿಗೆ ಸೀರೆ ಉಡಿಸುವುದು ಪದ್ಧತಿ. ಉಳಿದ ದಿನವೆಲ್ಲ ಅದನ್ನೇ ಉಟ್ಟು ಆ ಮನೆಗೆ ಹೋಗಬೇಕು; ಇಲ್ಲವಾದರೆ ಕೊಟ್ಟವರಿಗೆ ಅವಮಾನ. ಮೊದಲು ಇಳಕಲ್ಲಿನ ನೂಲಿನ ಸೀರೆ ಬರುತ್ತಿದ್ದವು. ತೊಂಬತ್ತರ ದಶಕದ ಹೊತ್ತಿಗೆ ಪೇಟೆಯಲ್ಲಿ ಪಾಲಿಯೆಸ್ಟರ್ ಸೀರೆಗಳ ರಾಶಿ ಬಿತ್ತು. ಬಣ್ಣ ಹೋಗದು, ಇಸ್ತ್ರಿ ಬೇಡ, ಕಣ್ಣಿಗೂ ಭಾರಿ. ಎಲ್ಲರೂ ಅದನ್ನೇ ಉಡಿಸತೊಡಗಿದರು.

೧೯೯೭ರ ಬೇಸಿಗೆಯಲ್ಲಿ ಅವಳ ಸೊಂಟದ ಸುತ್ತ, ಕಂಕುಳಲ್ಲಿ ಕೆಂಪು ಗುಳ್ಳೆ ಎದ್ದವು. ತೋಳಿಗೂ ಹರಡಿದಾಗ, ಯಾರೂ ನೋಡದಿರಲೆಂದು ಸೀರೆಯ ಜೊತೆ ಬಂದ ಬಟ್ಟೆಯಲ್ಲೇ ಮೊಣಕೈ ದಾಟುವ ಕುಪ್ಪಸ ಹೊಲಿಸಿದಳು. ಮುಚ್ಚಿದಷ್ಟೂ ಹೆಚ್ಚಾಯಿತು.

"ಬಾಯಿ, ನಿನ್ನ ಮೈಗೇನಾಗೇತಿ?" ಎಂದು ಒಂದು ಮನೆಯ ಅಜ್ಜಿ ಕೇಳಿದಳು.

"ಸೆಕಿ ಗುಳ್ಳಿ ಅದಾವ್ರಿ."

"ಸೆಕಿ ಎಲ್ಲಾರಿಗೂ ಐತಿ. ನಾಳಿಂದ ಬರಬ್ಯಾಡ ಬಿಡು. ಕೂಸಿಗೆ ಹತ್ತಿತಂದ್ರ?"

ಮಾತು ಓಣಿಯಿಂದ ಓಣಿಗೆ ಹೋಯಿತು. ದೀಪಾವಳಿಯ ಹೊತ್ತಿಗೆ ಕರೆಯುವ ಮನೆ ಒಂದೂ ಉಳಿಯಲಿಲ್ಲ. ಐದಕ್ಕೇ ಎಚ್ಚರವಾಗುತ್ತಿತ್ತು. ಒಮ್ಮೊಮ್ಮೆ ತನ್ನ ಮನೆಯಲ್ಲೇ ಮಣೆ ಹಾಕಿಕೊಂಡು, ಕಾಲು ಚಾಚಿ ಸುಮ್ಮನೆ ಕೂಡುತ್ತಿದ್ದಳು.

ವಿಜಾಪುರದ ಚರ್ಮದ ಡಾಕ್ಟರು ಗುಳ್ಳೆಗಿಂತ ಮೊದಲು ಕುಪ್ಪಸದ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ಹತ್ತೂ ರೋಗ ಅಲ್ಲವ್ವ ಇದು. ಈ ಅರಿವಿ ಬೆವರು ಕುಡಿಯೂದಿಲ್ಲ, ನಿನ್ನ ಮೈಗೆ ಒಗ್ಗವಲ್ದು. ಹತ್ತಿ ಅರಿವಿ ಉಡು."

ಮುಲಾಮು ಹಚ್ಚಿ, ಹಳೆಯ ಇಳಕಲ್ ಸೀರೆ ತೆಗೆದು ಉಟ್ಟಳು. ಎರಡು ತಿಂಗಳಲ್ಲಿ ತೋಳು ತಿಳಿಯಾಯಿತು. ಆ ತೋಳು ತೋರಿಸುತ್ತ ಹಳೆಯ ಮನೆಗಳಿಗೆ ಹೋದಳು. ಡಾಕ್ಟರ ಮಾತನ್ನೂ ಹೇಳಿಬಿಟ್ಟಳು.

"ಅಂದ್ರ, ನಾವು ಉಡಿಸಿದ ಸೀರಿಯಿಂದ ನಿನಗ ರೋಗ ಬಂತಂತಿ?" ಎಂದಳು ಒಂದು ಮನೆಯ ಯಜಮಾನತಿ.

"ಹಂಗಲ್ರೀ ಯವ್ವ..."

"ಆತು ತಗೋ. ರೇಶ್ಮಿ ಉಡಿಸೋರ ಮನಿಗೇ ಹೋಗು."

ಗುಳ್ಳೆಗೆ ಹೆದರಿದವರು ಮರೆಯಬಹುದಿತ್ತು. ಸೀರೆಗೆ ಸಿಟ್ಟಾದವರು ಮರೆಯಲಿಲ್ಲ.

೨೦೦೧ರ ಚಳಿಗಾಲದಲ್ಲಿ ರಾಜೇಶ್ವರಿ ಹೇಳಿಕಳಿಸಿದಳು. ಹುಟ್ಟಿದಾಗ ಸುಮಿತ್ರಾಬಾಯಿಯೇ ಎರೆದ ಹುಡುಗಿ; ಈಗ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ತಾಯಿ ಬೇಡವೆಂದರೂ ಮಗಳು ಹಟ ಬಿಡಲಿಲ್ಲ. ತೊಟ್ಟಿಲ ದಿನ ಆ ತಾಯಿ ಮಿರಿಮಿರಿ ಮಿಂಚುವ ನೇರಳೆ ಪಾಲಿಯೆಸ್ಟರ್ ಸೀರೆಯನ್ನೇ ಉಡಿಸಿದಳು. ಸುಮಿತ್ರಾಬಾಯಿ ಮರುದಿನ ಅದನ್ನೇ ಉಟ್ಟು ಬಂದಳು.

ಬಚ್ಚಲಲ್ಲಿ ರಾಜೇಶ್ವರಿ ದನಿ ತಗ್ಗಿಸಿದಳು. "ಆಯಿ, ಬರೂವಾಗ ಹೋಗೂವಾಗ ಇದು ಮೈಮ್ಯಾಲಿರ್ಲಿ, ಅವ್ವ ನೋಡ್ಲಿ. ನಿಮ್ಮ ನೂಲಿನ ಸೀರಿ ಇಲ್ಲೇ ಗೂಟಕ್ಕ ಇಡ್ರಿ. ಬದ್ಲಿ ಮಾಡ್ಕೊಂಡು ಎರೀರಿ."

"ನಿಮ್ಮವ್ವಗ ಗೊತ್ತಾದ್ರ?"

"ಬೈಸ್ಕೊಂತೇನಿ. ಹುಟ್ಟಿದಾಗಿಂದ ರೂಢಿ ಐತಿ."

ಹಾಗೇ ನಡೆಯಿತು. ಚಳಿಯಲ್ಲಿ ಹತ್ತು ನಿಮಿಷದ ನಡಿಗೆಗೆ ನೇರಳೆ ಸೀರೆ ಏನೂ ಮಾಡಲಿಲ್ಲ. ನಲವತ್ತನೇ ದಿನ ಅದನ್ನು ಉಟ್ಟು, ನೂಲಿನದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದಳು. ನೇರಳೆಯದು ಟ್ರಂಕಿಗೆ ಹೋಯಿತು. ನೂಲಿನ ಸೀರೆ ಎಣ್ಣೆ, ಅರಿಷಿಣ, ಕೂಸು ಕಕ್ಕಿದ ಹಾಲು ಎಲ್ಲವನ್ನೂ ಕುಡಿದಿತ್ತು. ಅದನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡಳು.

ಬೇರೆ ಯಾವ ಮನೆಯಿಂದಲೂ ಕರೆ ಬರಲಿಲ್ಲ. ಯುಗಾದಿಯ ಹೊತ್ತಿಗೆ ನೂಲಿನ ಸೀರೆಯಿಂದ ಕೂಸಿನ ವಾಸನೆ ಪೂರ್ತಿ ಹೋಗಿತ್ತು. ಆಮೇಲೆ ಒಗೆದಳು.