ಪ್ರೊಫಿಷಿಯೆಂಟ್ ಆದವನ ತಪ್ಪೊಪ್ಪಿಗೆ

ವರ್ಗವಾಗಿ ಬಂದು ಕೊಚ್ಚಿಯಲ್ಲಿ ಇಳಿದ ಮೊದಲ ಮಧ್ಯಾಹ್ನ ಹೋಟೆಲಿನಲ್ಲಿ ನನ್ನ ಮುಂದೆ ಬಂದ ನೀರು ಗುಲಾಬಿ ಬಣ್ಣದ್ದಾಗಿತ್ತು, ಮೇಲಾಗಿ ಹೊಗೆಯಾಡುತ್ತಿತ್ತು. ಕುಡಿಯಲಿಕ್ಕೋ ಕೈ ತೊಳೆಯಲಿಕ್ಕೋ ತಿಳಿಯದೆ ಕೂತಿದ್ದಾಗ ಬಡಿಸುವವರು ಬಂದು ಏನೋ ಕೇಳಿದರು. ನಾನು ಗಂಭೀರವಾಗಿ “ಶರಿ” ಎಂದೆ. ಶರಿ ಎಂದರೆ ನಮ್ಮ ‘ಸರಿ’ಯೇ, ನನಗೆ ಬರುತ್ತಿದ್ದ ಸಮಸ್ತ ಮಲಯಾಳವೂ ಅದೇ. ಕೆಂಪಗಿನ ದಪ್ಪ ಅನ್ನ ಎಲೆಗೆ ಬಿತ್ತು. ಮತ್ತೆ ಕೇಳಿದರು, ಮತ್ತೆ “ಶರಿ”, ಮತ್ತೆ ಅನ್ನ. ಮೂರನೆಯ ಸಲಕ್ಕೆ ನನಗೂ ಗೋಡೆಗೂ ನಡುವೆ ಒಂದು ಬೆಟ್ಟವೇ ಎದ್ದಿತ್ತು.

ಅದೇ ದಿನ ಕಚೇರಿಯಲ್ಲಿ ಒಂದು ಅರ್ಜಿ ತುಂಬಿಸಿಕೊಂಡರು. ಭಾಷೆಗಳು ಎಂಬಲ್ಲಿ ಪ್ರೊಫಿಷಿಯೆನ್ಸಿ ಎಷ್ಟು ಎಂದು ಕೇಳಿತ್ತು. ಈ ಪದವನ್ನು ಬಾಯಲ್ಲಿ ಯಾರೂ ಆಡುವುದಿಲ್ಲ. ನಮ್ಮತ್ತೆ ಹೋಳಿಗೆಯಲ್ಲಿ ಪ್ರೊಫಿಷಿಯೆಂಟ್ ಎಂದು ಯಾರಾದರೂ ಅಂದದ್ದುಂಟೆ? ಅದು ಅರ್ಜಿಯಲ್ಲಿ ಹುಟ್ಟಿ ಅರ್ಜಿಯಲ್ಲೇ ಬಾಳುವ ಪದ. ಮೈಸೂರಿನಿಂದ ಹೊತ್ತು ತಂದಿದ್ದ ನಿಘಂಟು ಅದಕ್ಕೆ ಮೂರು ಅರ್ಥ ಕೊಟ್ಟಿತ್ತು: ಪ್ರವೀಣ, ನಿಷ್ಣಾತ, ನುರಿತ. ಮಧ್ಯದ್ದು ನನ್ನ ಯೋಗ್ಯತೆಗೆ ಒಪ್ಪುವಂತೆ ಕಂಡಿತು. ಕನ್ನಡದ ಎದುರಿಗೆ ‘ಪ್ರೊಫಿಷಿಯೆಂಟ್’ ಎಂದು ಬರೆದು, ಕೆಳಗೊಂದು ಗೆರೆಯನ್ನೂ ಎಳೆದೆ. ಆ ಗೆರೆಯನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ವಾರದೊಳಗೆ ತಿರುವನಂತಪುರದ ಶಾಖೆಗೆ ಕಳಿಸಿದರು. ಉಳ್ಳೂರಿನ ಹತ್ತಿರ ಶಾಂತಚೇಚಿ ಎಂಬವರ ಮನೆಯ ಮಹಡಿ ಬಾಡಿಗೆಗೆ ಸಿಕ್ಕಿತು. ಚೇಚಿ ಎಂದರೆ ಅಕ್ಕ. ನಿವೃತ್ತ ಟೀಚರು, ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ ಒಂದು ಪ್ಯಾರಾದಷ್ಟು ಮಾತಾಡಿ, “ಮನಸ್ಸಿಲಾಯೋ?” ಎನ್ನುವರು. ತಿಳಿಯಿತೇ ಎಂದು. ಒಂದಕ್ಷರ ತಿಳಿಯದಿದ್ದರೂ ನಾನು “ಶರಿ, ಚೇಚಿ” ಎಂದು ಮೇಲೆ ಹತ್ತಿಬಿಡುವೆ. ಐವತ್ತು ದಾಟಿದವನು, ಗೆಜೆಟೆಡ್ ಅಧಿಕಾರಿ, ತಿಳಿಯಲಿಲ್ಲ ಎನ್ನುವುದು ಹೇಗೆ? ಆದರೆ ಊರಿಗೆ ಮಾತ್ರ ಉದ್ದುದ್ದ ಕಾಗದ ಬರೆದೆ: ‘ನಮ್ಮಲ್ಲಿ ಪಕ್ಕದ ಮನೆಯವರು ಕಾಫಿ ಆಯ್ತಾ ಎಂದಾದರೂ ಕೇಳುತ್ತಾರೆ. ಇಲ್ಲಿಯವರು ಯಾರನ್ನೂ ಒಳಗೆ ಕರೆಯುವುದಿಲ್ಲ. ಭಾನುವಾರ ಹೋಟೆಲಿನಲ್ಲಿ ಒಬ್ಬನೇ ಉಣ್ಣುತ್ತೇನೆ.’

ಹೀಗಿರುವಾಗ ಒಂದು ಬೆಳಿಗ್ಗೆ ಹತ್ತಿರದ ಆಸ್ಪತ್ರೆಯಿಂದ ಕಚೇರಿಗೆ ಫೋನು ಬಂತು. ಸಹೋದ್ಯೋಗಿ ಸುರೇಶ್ ನನ್ನ ಮೇಜಿನ ಬಳಿ ಓಡಿಬಂದ. “ಸಾರೇ, ಕನ್ನಡದವರೊಬ್ಬರು ಅಡ್ಮಿಟ್ ಆಗಿದ್ದಾರೆ. ಬೇರೆ ಭಾಷೆ ಬರುವುದಿಲ್ಲವಂತೆ. ಫೈಲಿನಲ್ಲಿರುವ ನಿಮ್ಮ ಅರ್ಜಿಯ ಪ್ರಕಾರ ನೀವು ಪ್ರೊಫಿಷಿಯೆಂಟ್ ಅಲ್ಲವೇ!”

ರೋಗಿಯ ಹೆಸರು ಶರಣಪ್ಪ, ಯಾದಗಿರಿ ಕಡೆಯವನು. ಕೊಚ್ಚಿಯ ವಲ್ಲಾರ್ಪಾಡಂ ಬಂದರಿನಿಂದ ಕಂಟೇನರ್ ಲಾರಿ ಹೊಡೆದುಕೊಂಡು ಬಂದಿದ್ದ. ಕಾಲಿನ ಗಾಯ ಕೀವಾಗಿ ಜ್ವರ ಏರಿತ್ತು. ತರುಣ ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ನಾನು ಕೈ ಹಿಂದೆ ಕಟ್ಟಿ ನಿಂತು ಕನ್ನಡಿಸಿದೆ: “ಈ ಹಿಂದೆ ಯಾವುದೇ ಚುಚ್ಚುಮದ್ದಿನಿಂದ ನಿಮ್ಮ ಶರೀರದಲ್ಲಿ ಪ್ರತಿಕೂಲ ಪರಿಣಾಮ ಉಂಟಾಗಿತ್ತೇ?”

ಅವನು ಮಲಗಿದಲ್ಲೇ ಕೈಮುಗಿದ. “ಇಲ್ರೀ ಸಾಹೇಬ್ರ.”

“ನೋ ಅಲರ್ಜಿ” ಎಂದೆ ಡಾಕ್ಟರಿಗೆ. ನನ್ನ ವಾಕ್ಯದ ಅಂದಕ್ಕೆ ನಾನೇ ತಲೆದೂಗುತ್ತಿದ್ದೆ.

ಇಂಜೆಕ್ಷನ್ ಸಿದ್ಧವಾಗುವ ಹೊತ್ತಿಗೆ ಪಾಳಿ ಬದಲಾಗಿ ಸಿಸ್ಟರ್ ಲಿಜಿ ಬಂದರು. ಕೇರಳದ್ದೇ ಪಾಲಾ ಕಡೆಯ ಹುಡುಗಿ. ಕಲಬುರಗಿಯಲ್ಲಿ ನರ್ಸಿಂಗ್ ಓದಿ ಅಲ್ಲೇ ನಾಲ್ಕು ವರ್ಷ ದುಡಿದವರಂತೆ. ಚಾರ್ಟಿನಲ್ಲಿ ಊರಿನ ಹೆಸರು ನೋಡಿ ಮಂಚದ ಅಂಚಿಗೆ ಬಾಗಿದರು.

“ಯಾಕಣ್ಣಾ, ಭಾಳ ನೋವೈತೇನು? ಮದ್ಲ ಎಲ್ಲ್ಯಾರ ಸೂಜಿ ಮಾಡ್ಸ್ಕೊಂಡಾಗ ಮೈಗೆ ಏನಾರ ಆಗಿತ್ತಾ?”

ಶರಣಪ್ಪನ ಮುಖವೇ ಅರಳಿತು. “ಆಗಿತ್ತಬೇ ತಂಗಿ! ಹೋದ ವರ್ಷ ಹಿಂಗ ಜ್ವರಾ ಬಂದಾಗ ಸೂಜಿ ಮಾಡಿದ್ರು. ಮೈತುಂಬ ದದ್ದೆದ್ದು ಉಸಿರಽ ಕಟ್ಟಿತ್ತು. ಸಾಯಾಂವ ಉಳದೀನಿ. ಚೀಟಿ ಕಿಸೆದಾಗಽ ಐತಿ ನೋಡು.”

ಚೀಟಿ ಬಿಚ್ಚಿದರು. ಟ್ರೇಯಲ್ಲಿದ್ದದ್ದು ಅದೇ ಮದ್ದು. ಡಾಕ್ಟರು ಕೂಡಲೇ ಟ್ರೇಯನ್ನು ತೆಗೆಸಿದರು.

“ಮತ್ತ ಈ ಸರ್ ಕೇಳಿದಾಗ ಇಲ್ಲ ಯಾಕಂದಿ?” ಎಂದು ಲಿಜಿ ಗದರಿದರು.

ಶರಣಪ್ಪ ನನ್ನತ್ತ ನೋಡದೆ ಹೇಳಿದ: “ಸಾಹೇಬ್ರು ಭಾಳ ದೊಡ್ಡ ಕನ್ನಡ ಮಾತಾಡ್ತಾರವ್ವಾ. ತಿಳೀಲಿಲ್ಲ ಅನ್ನಾಕ ನಾಚಿಕಿ ಬಂತು.”

ನನಗೆ ಆ ಕ್ಷಣ ಹೋಟೆಲಿನ ಎಲೆ, ಅದರ ಮೇಲಿನ ಅನ್ನದ ಬೆಟ್ಟ ಕಣ್ಣಿಗೆ ಕಟ್ಟಿತು. ಅವನ “ಇಲ್ರೀ” ನನ್ನ “ಶರಿ”ಯೇ ಆಗಿತ್ತು. ಲೋಕದಲ್ಲಿ ಬೇರೆ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗಬೇಕಿತ್ತು. ಲಿಜಿಯ ಪಾಳಿ ಕಾಲು ಗಂಟೆ ತಡವಾಗಿದ್ದರೆ? ನಿಘಂಟಿನಲ್ಲಿ ನಾನು ಬಿಟ್ಟಿದ್ದ ‘ನುರಿತ’ ಎಂಬ ಮೂರನೆಯ ಅರ್ಥ ಬಿಳಿ ಉಡುಪು ತೊಟ್ಟು ಎದುರಿಗೇ ನಿಂತಿತ್ತು. “ಕ್ಷಮಿಸಪ್ಪಾ” ಎಂದೆ. ಅದಾದರೂ ಅವನಿಗೆ ತಿಳಿಯಿತು. “ಇರ್ಲಿ ಬಿಡ್ರೀ” ಎಂದು ಅವನೇ ನನ್ನನ್ನು ಸಮಾಧಾನ ಮಾಡಿದ. ಅದು ಇನ್ನೂ ಕಷ್ಟವಾಗಿತ್ತು.

ಸಂಜೆ ಮೆಟ್ಟಿಲ ಬಳಿ ಶಾಂತಚೇಚಿ ಎಂದಿನಂತೆ ಏನೋ ಹೇಳಿ “ಮನಸ್ಸಿಲಾಯೋ?” ಎಂದರು. ಲಿಜಿಯಿಂದ ಕಲಿತುಬಂದಿದ್ದ ವಾಕ್ಯವನ್ನು ಒಪ್ಪಿಸಿದೆ: “ಎನಿಕ್ಕು ಮನಸ್ಸಿಲಾಯಿಲ್ಲ, ಚೇಚಿ.” ತಿಳಿಯಲಿಲ್ಲ. ಈವರೆಗೆ ಒಂದೂ ತಿಳಿದಿಲ್ಲ ಎಂಬುದನ್ನು ಕೈಸನ್ನೆಯಿಂದ ಸೇರಿಸಿದೆ.

ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. “ಎಂಡೆ ಸಾರೇ!” ಅಯ್ಯೋ ನನ್ನ ಸಾರೇ ಎಂದು. ಆಮೇಲೆ ಒಂದನೆಯ ತರಗತಿಯ ಮಗುವಿಗೆ ಹೇಳುವಂತೆ, ಅರ್ಧ ಇಂಗ್ಲಿಷು ಅರ್ಧ ಸನ್ನೆಯಲ್ಲಿ ಬಿಡಿಸಿ ಹೇಳಿದರು. ನಾನು ಬಂದ ಹೊಸತರಲ್ಲಿ ಮೂರು ಭಾನುವಾರ ಊಟಕ್ಕೆ ಕರೆದಿದ್ದರು. ಮೂರು ಸಲವೂ ನಾನು ಶರಿ ಎಂದಿದ್ದೆ. ಮೂರು ಸಲವೂ ಎಲೆ ಹಾಕಿ, ಎರಡು ಗಂಟೆಯವರೆಗೆ ಕಾದು, ಮಡಚಿ ಇಟ್ಟಿದ್ದರು. ದೊಡ್ಡ ಆಫೀಸರು, ನಮ್ಮಲ್ಲೆಲ್ಲಿ ಉಣ್ಣುತ್ತಾರೆ ಎಂದುಕೊಂಡು ನಾಲ್ಕನೆಯ ವಾರ ಬಿಟ್ಟರು. ಆ ಮೂರು ಭಾನುವಾರವೂ ನಾನು ಹೋಟೆಲಿನಲ್ಲಿ ಕೂತು ಮಲಯಾಳಿಗಳ ಕಲ್ಲುಮನಸ್ಸಿನ ಬಗ್ಗೆ ಊರಿಗೆ ಕಾಗದ ಬರೆಯುತ್ತಿದ್ದೆ. ಆ ಕಾಗದಗಳನ್ನು ಓದಿದವರು ದಯವಿಟ್ಟು ಹರಿದುಹಾಕಬೇಕು.

ಕಳೆದ ತಿಂಗಳು ರಜೆಗೆ ಮೈಸೂರಿಗೆ ಹೋಗಿದ್ದೆ. ಭಾವಮೈದ ಹೇಳಿದ್ದೊಂದು ತಿಳಿಯದೆ, “ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳು” ಎಂದೆ. ಮನೆಯವರೆಲ್ಲ ತಿರುಗಿ ನೋಡಿದರು. “ಭಾವ ಕೇರಳಕ್ಕೆ ಹೋಗಿ ಕನ್ನಡ ಮರೆತರಲ್ಲೋ!” ಎಂದು ನಕ್ಕರು. ನಾನು ಕಾರಣ ಹೇಳಲಿಲ್ಲ. ಅಲ್ಲಿ ನಾನೀಗ ಕನ್ನಡ ಮರೆತವನು. ಇಲ್ಲಿ ಮಲಯಾಳ ಬಾರದವನು.

ಈಗ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಮೆಟ್ಟಿಲಿಳಿಯುತ್ತೇನೆ. ಚೇಚಿ ಬಡಿಸುತ್ತ ಏನೇನೋ ಹೇಳುತ್ತಾರೆ. ತಿಳಿಯದಾಗ ಕೈ ನಿಲ್ಲಿಸಿ ಕೇಳುತ್ತೇನೆ. ಊಟ ಹೀಗಾಗಿ ಬಹಳ ತಡವಾಗಿ ಮುಗಿಯುತ್ತದೆ.