ಬೆಳಕವಾಡಿಗೆ ಹೊರಟ ಬಾಡಿಗೆ ಕಾರು

ನಿಂಗೇಗೌಡ ಬೆಳಕವಾಡಿಯಿಂದ ಮಂಡ್ಯಕ್ಕೆ ಬಂದು ನನ್ನ ಮನೆಯ ಬಾಗಿಲು ಬಡಿದಾಗ ನಾನಿನ್ನೂ ಕಾಫಿ ಕುಡಿದಿರಲಿಲ್ಲ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಅವನ ತಂಗಿಗೆ ಹಿಂದಿನ ರಾತ್ರಿಯಿಂದ ನೋವು.

“ಮಗೀನ ಕಾಲು ಮುಂದಾಗೈತೆ ಅಂತ ಸೂಲಗಿತ್ತೀನೇ ಏಳಿದ್ಲು, ಡಾಕ್ಟ್ರಮ್ಮ. ಬಿರ್ನೆ ಒರಡಿ,” ಎಂದ.

ಯುದ್ಧದ ಕಾಲ. ಪೆಟ್ರೋಲಿಗೆ ಕೂಪನ್ನು, ಔಷಧಿಗೆ ಬರ. ನನ್ನಲ್ಲಿ ಕ್ಲೋರೋಫಾರಂ ಮುಗಿದಿತ್ತು. ಮದ್ದೂರಿನಲ್ಲಿ ಪರಿಚಯದ ವೈದ್ಯರೊಬ್ಬರಿಂದ ತೆಗೆದುಕೊಂಡು ಮಳವಳ್ಳಿಯ ಮೇಲೆ ಹೋಗುವುದೆಂದು ತೀರ್ಮಾನಿಸಿದೆ. ಗೌಸ್ ಸಾಹೇಬರ ಬಾಡಿಗೆ ಕಾರು ಬಂತು. ಕಾರಿಗೆ ವಯಸ್ಸಾಗಿತ್ತು, ಆದರೆ ಅವರೇ ಮೆಕ್ಯಾನಿಕ್ಕು ಆದ್ದರಿಂದ ನನಗೆ ಧೈರ್ಯವಿತ್ತು.

ಊರು ದಾಟುತ್ತಲೇ ಎಮ್ಮೆಗಳು ಅಡ್ಡ ಬಂದವು. ಕಾರು ನಿಂತಿತು, ಇಂಜಿನ್ನೂ ನಿಂತಿತು. ಸಾಹೇಬರು ಇಳಿದು ಹ್ಯಾಂಡಲ್ ತಿರುಗಿಸಿದರು, ಹೊರಟಿತು. ಮದ್ದೂರಿನ ರೈಲ್ವೆ ಗೇಟಿನಲ್ಲಿ ಮತ್ತೆ ಹಾಗೇ ಆಯಿತು. ಕ್ಲೋರೋಫಾರಂ ಸಿಕ್ಕಿತು. ಸ್ಟೇಷನ್ನಿನ ಹತ್ತಿರ ಬಿಸಿ ವಡೆ ಕಟ್ಟಿಸಿಕೊಂಡೆವು. ಗೌಡ ಮಾತ್ರ ಕೈಯಲ್ಲೂ ಮುಟ್ಟಲಿಲ್ಲ.

ಮಳವಳ್ಳಿ ರಸ್ತೆಯಲ್ಲಿ ಮಂಜು ಕರಗಿ ಬಿಸಿಲೇರಿತ್ತು. ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ. ಕುರಿಮಂದೆಯೊಂದು ಎದುರಾಗಿ ಕಾರು ಮೂರನೆಯ ಸಲ ನಿಂತಿತು. ಈ ಬಾರಿ ರಬ್ಬರು ಸುಟ್ಟ ವಾಸನೆ. ಕರೆಂಟು ತೋರಿಸುವ ಮುಳ್ಳು ತುದಿಗೆ ಬಡಿದು ಮರಳಿತು.

“ಎಲ್ಲೋ ಶಾರ್ಟಾಗ್ತಾ ಐತೆ, ವೈರು ಕಬ್ಬಿಣಕ್ಕೆ ತಗಲಿ ಕರೆಂಟು ಸೋರ್ತಾ ಐತೆ,” ಎಂದು ಸಾಹೇಬರು ಬಾನೆಟ್ ಎತ್ತಿ ಒಂದೊಂದೇ ವೈರನ್ನು ಎಳೆದು ನೋಡತೊಡಗಿದರು. ಏನೂ ಕಾಣಲಿಲ್ಲ. ಅಷ್ಟರಲ್ಲಿ ಒಂದು ಎತ್ತಿನ ಗಾಡಿ ಬಂತು. ಗೌಡ ರಸ್ತೆಗೆ ಹಾರಿದ.

“ಲೇ, ಗಾಡಿ ನಿಲ್ಸ್ಲಾ! ಡಾಕ್ಟ್ರಮ್ಮ, ಈ ಕಾರು ನಂಬ್ಕೊಂಡ್ರೆ ನನ್ನ ತಂಗಿ ಉಳಿಯಾಕಿಲ್ಲ ಕಣಮ್ಮ.”

ಆದರೆ ಗಾಡಿಯಲ್ಲಿ ಹೋದರೆ ಸಂಜೆಯಾಗುತ್ತದೆ, ಅಷ್ಟು ಹೊತ್ತು ಆ ಹುಡುಗಿ ತಡೆಯಲಾರಳೆಂದು ನನಗೆ ಗೊತ್ತಿತ್ತು. “ಕಾರು ಹೊರಡುತ್ತೆ. ಬನ್ನಿ ಈ ಕಡೆ,” ಎಂದೆ.

ರೋಗಿಗಳು ನೋವೆಂದು ಬಂದರೆ ನಾನು ಮೊದಲು ಕೇಳುವುದು, ನೋವು ಯಾವಾಗ ಬರುತ್ತದೆ ಎಂದು. ಕಾರಿನ ವಿಷಯದಲ್ಲೂ ಅದನ್ನೇ ಕೇಳಿದೆ: “ಸಾಹೇಬರೇ, ಮೂರು ಸಲವೂ ನಿಲ್ಲೋಕೆ ಮುಂಚೆ ನೀವೇನು ಮಾಡಿದಿರಿ?”

“ಏನ್ ಮಾಡ್ದೆ ಅಮ್ಮಾ? ಬ್ರೇಕ್ ಹಾಕ್ದೆ, ಅಷ್ಟೇ.” ಹಾಗೆಂದವರೇ ತಲೆ ಎತ್ತಿದರು. “ಬ್ರೇಕು! ತುಳಿದ್ರೆ ಹಿಂದ್ಗಡೆ ಕೆಂಪು ದೀಪ ಹತ್ತುತ್ತಲ್ಲ, ಅದರ ವೈರು ಪೆಡಲ್ ಪಕ್ಕದಲ್ಲೇ ಹೋಗೋದು!”

ಮುಂದಿನದನ್ನು ಅವರು ಚಕಚಕನೆ ಮಾಡಿದರು. ಬ್ರೇಕ್ ದೀಪದ ಬಲ್ಬನ್ನೇ ಕಿತ್ತು, ಬ್ಯಾಟರಿಯಿಂದ ಬರುವ ವೈರನ್ನು ಬಿಚ್ಚಿ, ನಡುವೆ ಆ ಬಲ್ಬು ಸೇರಿಸಿ ನನ್ನ ಕೈಗೆ ಕೊಟ್ಟರು. ಈಗ ಎಲ್ಲೂ ಶಾರ್ಟ್ ಇಲ್ಲದಿದ್ದರೆ ಅದು ಹತ್ತಬಾರದು. ಹತ್ತಲಿಲ್ಲ.

“ಗೌಡ್ರೇ, ಬ್ರೇಕ್ ತುಳೀರಿ,” ಎಂದರು ಸಾಹೇಬರು.

ಗೌಡ ಎರಡೂ ಕಾಲಿಟ್ಟು ತುಳಿದ. ಬಲ್ಬು ಝಗ್ಗೆಂದು ಹತ್ತಿತು.

“ಬುಡಿ!” ಆರಿತು. “ತುಳೀರಿ!” ಹತ್ತಿತು.

“ಸಿಕ್ತು ಕಳ್ಳ!” ಎಂದು ಸಾಹೇಬರು ಕಾಲಡಿಯ ಹಲಗೆ ಕಿತ್ತರು. ಪೆಡಲಿನ ಸರಳು ಉಜ್ಜಿ ಉಜ್ಜಿ ವೈರಿನ ಹೊದಿಕೆ ಸವೆದು ತಾಮ್ರ ಹೊಳೆಯುತ್ತಿತ್ತು. ಸುತ್ತುವುದಕ್ಕೆ ಟೇಪಿರಲಿಲ್ಲ. ನಾನು ಚೀಲದಿಂದ ತೆಳ್ಳನೆಯ ರಬ್ಬರು ನಳಿಗೆಯೊಂದನ್ನು ತೆಗೆದು, ಉದ್ದಕ್ಕೆ ಸೀಳಿ, ವೈರಿಗೆ ತೊಡಿಸಿ, ಹೊಲಿಗೆ ಹಾಕುವ ರೇಷ್ಮೆ ದಾರದಿಂದ ಬಿಗಿದೆ. ಸಾಹೇಬರು ವೈರನ್ನು ಪೆಡಲಿನಿಂದ ದೂರ ಸರಿಸಿ ಕಟ್ಟಿ, ಬ್ಯಾಟರಿಯ ವೈರನ್ನೂ ಬಲ್ಬನ್ನೂ ಮೊದಲಿನಂತೆ ಜೋಡಿಸಿದರು. ಹ್ಯಾಂಡಲ್ ಒಂದೇ ಸುತ್ತಿಗೆ ಇಂಜಿನ್ ಗರ್ಜಿಸಿತು. ಮಳವಳ್ಳಿಯ ಪೇಟೆಯಲ್ಲಿ ಎಷ್ಟು ಸಲ ಬ್ರೇಕ್ ಹಾಕಿದರೂ ಅದು ನಿಲ್ಲಲಿಲ್ಲ.

ಬೆಳಕವಾಡಿ ತಲುಪಿದಾಗ ಹುಡುಗಿ ಸೋತು ಹೋಗಿದ್ದಳು; ಕಣ್ಣು ಮಾತ್ರ ನನ್ನನ್ನೇ ಹುಡುಕುತ್ತಿತ್ತು. ಸೂಲಗಿತ್ತಿ ಅವಳ ತಲೆ ಹಿಡಿದಳು, ನಾನು ಕ್ಲೋರೋಫಾರಂ ಹನಿಸಿದೆ. ಕಾಲು, ಸೊಂಟ, ತೋಳು ಬಂದವು, ತಲೆ ತಡೆಯಿತು. ಮಗುವಿನ ಮೈಯನ್ನು ಮುಂಗೈ ಮೇಲೆ ಮಲಗಿಸಿಕೊಂಡು, ಬಾಯಲ್ಲಿ ಬೆರಳಿಟ್ಟು ಗದ್ದವನ್ನು ಎದೆಗೆ ಬಾಗಿಸಿ, ನಿಧಾನವಾಗಿ ತಲೆಯನ್ನು ಹೊರತಂದೆ. ಹೆಣ್ಣು ಮಗು. ನೀಲಿಗಟ್ಟಿದ್ದ ಮೈಯನ್ನು ಉಜ್ಜಿ ಬಾಯಲ್ಲಿ ಉಸಿರೂದಿದ ಮೇಲೆ ಅತ್ತಿತು. ಹೊರಗೆ ಜಗಲಿಯ ಮೇಲೆ ನಿಂಗೇಗೌಡನೂ ಗಟ್ಟಿಯಾಗಿ ಅತ್ತ.

ರಾತ್ರಿ ಅಲ್ಲೇ ಉಳಿದು, ತಾಯಿಗೆ ಜ್ವರವಿಲ್ಲವೆಂದು ಖಾತ್ರಿಯಾದ ಮೇಲೆ ಬೆಳಿಗ್ಗೆ ಹೊರಟೆವು. ತಂಗಿಯ ಗಂಡನಿಗೆ ಸುದ್ದಿ ಮುಟ್ಟಿಸಬೇಕೆಂದು ಗೌಡನೂ ಜೊತೆಗೆ ಹತ್ತಿದ. ಮಳವಳ್ಳಿಗೆ ಸ್ವಲ್ಪ ಮುಂಚೆ ಒಂದು ಕವಲುದಾರಿಯಲ್ಲಿ ಇಳಿದು, “ಬತ್ತೀನಿ ಡಾಕ್ಟ್ರಮ್ಮ, ಬತ್ತೀನಿ ಸಾಬ್ರೇ,” ಎಂದು ಗಂಭೀರವಾಗಿ ಕೈ ಮುಗಿದು, ನಿಧಾನವಾಗಿ ನಡೆದ.

ಕಾರು ಹೊರಟ ಮೇಲೆ ತಿರುಗಿ ನೋಡಿದೆ. ನಾವು ಹೋದೆವೆಂದುಕೊಂಡ ಗೌಡ ಪಂಚೆ ಎತ್ತಿ ಕಟ್ಟಿ, ತಲೆಯ ರುಮಾಲನ್ನು ಗಾಳಿಗೆ ಬೀಸುತ್ತ, ಗದ್ದೆಯ ಬದುವಿನ ಮೇಲೆ ಓಡುತ್ತಿದ್ದ.