ಥಾಣೆಯಲ್ಲಿ ಅತ್ತವನು

ಅಂಧೇರಿಯ ನನ್ನ ಬಾಡಿಗೆ ಕೋಣೆಯ ಕನ್ನಡಿ, ನನಗಿಂತ ಮೊದಲು ಅಲ್ಲಿದ್ದವನ ಎತ್ತರಕ್ಕೆ ತಕ್ಕಂತೆ ಗೋಡೆಯ ಮೇಲೆ ಕೂತಿದೆ. ಆತ ಆಜಾನುಬಾಹುವೇ ಇರಬೇಕು. ನನಗೆ ಅದರಲ್ಲಿ ಮೂಗಿನಿಂದ ಮೇಲೆ ಮಾತ್ರ ಕಾಣುತ್ತದೆ. ಗಡ್ಡವನ್ನು ಅಂದಾಜಿನ ಮೇಲೆ ಹೆರೆದುಕೊಳ್ಳುತ್ತೇನೆ. ಮೊಳೆ ಕಿತ್ತು ಸ್ವಲ್ಪ ಕೆಳಗೆ ಹೊಡೆದರೆ ಮುಗಿಯುವ ಕೆಲಸ. ಆದರೆ ಹಣೆ, ಕಣ್ಣು, ಕನ್ನಡಕ ಇಷ್ಟೇ ಕಂಡಾಗ ಮನುಷ್ಯ ಬಹಳ ವಿಚಾರವಂತನಂತೆ ತೋರುತ್ತಾನೆ. ಅವನನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ಒಂಟಿ ಬದುಕಿನ ಅನುಕೂಲವೇ ಇದು. ಮದುವೆಯಾದವನು ತನ್ನ ಸಾಹಸದ ಕತೆ ಹೇಳುತ್ತಿರುವಾಗ ಅಡಿಗೆಮನೆಯಿಂದ "ಹಾಗಲ್ಲ ಅದು" ಎಂಬ ದನಿ ಬರುತ್ತದೆ. ನನ್ನ ಕತೆಗಳಿಗೆ ಆ ಭಯವಿಲ್ಲ. ಹೇಳುವವನೂ ನಾನೇ, ಹೆಚ್ಚಿನ ಸಂಜೆಗಳಲ್ಲಿ ಕೇಳುವವನೂ ನಾನೇ. ತಿದ್ದುವವರಿಲ್ಲದ ಕತೆ ವರ್ಷ ಕಳೆದಂತೆ ಮೈತುಂಬಿಕೊಳ್ಳುತ್ತದೆ.

ಅಂಥವುಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಥಾಣೆಯ ಕತೆ. ಮುಂಬಯಿಗೆ ಬಂದ ಹೊಸದು. ವಡಾಲದ ಚಾಳೊಂದರಲ್ಲಿ ನಾನೂ ಗದಗದ ಕಡೆಯ ವಿರೂಪಾಕ್ಷನೂ ಒಂದೇ ಕೋಣೆಯಲ್ಲಿದ್ದೆವು. ನನಗೆ ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಅವನು ಭಾಂಡುಪಿನ ಒಂದು ಕಾರಖಾನೆಗೆ ಹೋಗಿ ಕೆಲಸ ಕೇಳಬೇಕಿತ್ತು. ದಾರಿ ತೋರಿಸಲು ನಾನೂ ಹೊರಟೆ. ದಾರಿ ನನಗೂ ಗೊತ್ತಿರಲಿಲ್ಲ, ಆ ಮಾತು ಬೇರೆ. ದಾದರಿನಲ್ಲಿ ಫಾಸ್ಟ್ ಗಾಡಿ ಹತ್ತಿಬಿಟ್ಟೆವು. ಸ್ಟೇಶನ್ನು ಕಂಡ ಮೇಲೆ ಗಾಡಿ ನಿಲ್ಲಲೇಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಭಾಂಡುಪ್ ಎಂಬ ಬೋರ್ಡು ಕಣ್ಣೆದುರೇ ಹಿಂದಕ್ಕೆ ಓಡಿಹೋಯಿತು. ಥಾಣೆಯಲ್ಲಿ ಇಳಿದವನೇ ವಿರೂಪಾಕ್ಷ ಬೆಂಚಿನ ಮೇಲೆ ಕುಸಿದು ಬಿಕ್ಕಿಬಿಕ್ಕಿ ಅತ್ತ. ನಾನು ಬೆನ್ನ ಮೇಲೆ ಕೈಯಿಟ್ಟು, ಕರವಸ್ತ್ರ ಕೊಟ್ಟು, ಚಹಾ ಕುಡಿಸಿ ಸಮಾಧಾನ ಮಾಡಿದೆ. ಮರುದಿನ ಹೋದಾಗ ಅವನಿಗೆ ಕೆಲಸವೂ ಸಿಕ್ಕಿತು.

ಆಮೇಲೆ ಅವನು ಭಾಂಡುಪಿನಲ್ಲೇ ಸಂಸಾರ ಹೂಡಿದ. ನಾನು ಕೋಣೆಯಿಂದ ಕೋಣೆಗೆ ಬದಲಾಯಿಸುತ್ತ ಅಂಧೇರಿಗೆ ಬಂದು ಬಿದ್ದೆ. ಆದರೆ ಪ್ರತಿ ಭಾನುವಾರ ಮಧ್ಯಾಹ್ನ ನನಗೆ ಊಟ ಅವನ ಮನೆಯಲ್ಲೇ. ಅವನ ಹೆಂಡತಿ ಶಾಂತವ್ವ ರೊಟ್ಟಿ ಬಡಿಯುವ ಸದ್ದು ಚಾಳಿನ ಮೆಟ್ಟಿಲಲ್ಲೇ ಕೇಳಿಸುತ್ತದೆ. ಆರು ದಿನ ಯಾರಿಗೂ ಬೇಡವಾದ ನನ್ನ ಹಸಿವನ್ನು ವಿಚಾರಿಸುವ ಸದ್ದು ಅದೊಂದೇ. ಊಟವಾದ ಮೇಲೆ ವಿರೂಪಾಕ್ಷ ಸ್ಟೇಶನ್ನಿನವರೆಗೂ ಬರುತ್ತಾನೆ. ಗಾಡಿ ಹೊರಡುವಾಗ ಕಿಟಕಿಯ ಬಳಿ, "ದಾದರದಾಗ ಇಳೀರಿ ಮಾಸ್ತರ್ರ, ನಿದ್ದಿ ಹೊಡೀಬ್ಯಾಡ್ರಿ" ಎನ್ನುತ್ತಾನೆ. ನಾನು ಒಂದು ದಿನವೂ ಪಾಠ ಹೇಳಿದವನಲ್ಲ. ತರ್ಕಶಾಸ್ತ್ರದಲ್ಲಿ ಎಂ.ಎ. ಮಾಡಿದ್ದಕ್ಕೆ ಅವನು ಕೊಟ್ಟ ಪದವಿ ಅದು.

ಇದೆಲ್ಲ ಥಾಣೆಯ ಉಪಕಾರದ ಸ್ಮರಣೆ ಎಂದು ನಾನು ತಿಳಿದಿದ್ದೆ. ಋಣ ತೀರಿಸುವ ಅವಕಾಶ ಕೊಡುವುದೂ ಒಂದು ದೊಡ್ಡತನವೇ. ಆ ದೊಡ್ಡತನದಿಂದಲೇ ನಾನು ಇನ್ನೊಂದು ರೊಟ್ಟಿಗೆ ಎಂದೂ ಬೇಡ ಎನ್ನುತ್ತಿರಲಿಲ್ಲ.

ಮೊನ್ನೆ ಒಂದು ಭಾನುವಾರ, ವಿರೂಪಾಕ್ಷನ ಮಗಳು ಗೀತಾ ಮೊದಲ ಸಲ ಒಬ್ಬಳೇ ದಾದರಿನ ಸೋದರತ್ತೆಯ ಮನೆಗೆ ಹೊರಟಿದ್ದಳು. ಮರಾಠಿ ಶಾಲೆಯ ಹುಡುಗಿ. ಅವಳ ಕನ್ನಡ ನಡುನಡುವೆ ಗಾಡಿ ಬದಲಾಯಿಸುತ್ತದೆ.

"ಬರೋವಾಗ ಫಾಸ್ಟ್ ಗಾಡಿ ಹತ್ತಬ್ಯಾಡ ಮತ್ತ," ಎಂದ ವಿರೂಪಾಕ್ಷ. "ಹತ್ತಿದಿ ಅಂದ್ರ ಮಾಸ್ತರ್ ಕಾಕಾಂದು ಆದಂಗ ಆಕ್ಕೈತಿ."

"ಮಾಹೀತ ಆಹೆ, ಪಪ್ಪಾ! ಕಾಕಾ ಥಾಣೆದಾಗ ಅತ್ತಿದ್ದ ಕಥಿ ನಾ? ಕಿತೀ ಸಲ ಹೇಳ್ತೀ?"

ತುತ್ತು ಕೈಯಲ್ಲೇ ನಿಂತಿತು. "ಅತ್ತಾಂವ ನೀನಲ್ಲೇನಪಾ, ವಿರೂಪಾಕ್ಷ?" ಎಂದೆ. "ನಾನs ನಿನಗ ಕರವಸ್ತ್ರ ಕೊಟ್ಟಿದ್ದೆ."

"ನೀವು? ಕರವಸ್ತ್ರ?" ಅವನಿಗೆ ನಗೆ ತಡೆಯಲಾಗಲಿಲ್ಲ. "ಮಾಸ್ತರ್ರ, ಇವತ್ತರ ಕಿಸೇದಾಗ ಐತೇನ ನೋಡ್ರಿ!"

ನೋಡಿದೆ. ಕೋಣೆಯ ಕೀಲಿಕೈ ಮತ್ತು ರೈಲ್ವೆ ಪಾಸು ಇದ್ದವು. ಎಲ್ಲರೂ ನಕ್ಕರು, ನಾನೂ ನಕ್ಕೆ. ಶಾಂತವ್ವ ಮಾತ್ರ ಗಂಡನನ್ನು ಗದರಿಸಿದಳು. "ಸಾಕು ಸುಮ್ನಿರ್ರಿ. ಊರು ಬಿಟ್ಟು ಬಂದಾವ್ರಿಗೆ ಅಳು ಬರಂಗಿಲ್ಲೇನು? ನೀವು ಊಟಾ ಮಾಡ್ರಿ ಅಣ್ಣಾರ." ಹಾಗೆನ್ನುತ್ತ ಇನ್ನೊಂದು ರೊಟ್ಟಿ ಹಾಕಿದಳು.

ಆ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಇಷ್ಟು ವರ್ಷ ನಾನು ಆ ಮನೆಯ ಉಪಕಾರಿ ಎಂದುಕೊಂಡಿದ್ದೆ. ಆ ಮನೆಯಲ್ಲಿ ನಾನು ಇನ್ನೂ ಬೆಂಚಿನ ಮೇಲೆ ಅಳುತ್ತ ಕೂತಿದ್ದೆ. ಸ್ಟೇಶನ್ನಿಗೆ ಬಂದು ಬೀಳ್ಕೊಡುವುದು ಗೌರವವಲ್ಲ, ಕಾವಲು. ಊಟ ಕೃತಜ್ಞತೆಯಲ್ಲ, ಕನಿಕರ.

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಉಡುಪಿ ಹೋಟೆಲಿನಲ್ಲಿ ಉಂಡು ಬಂದು ಮಂಚದ ಮೇಲೆ ಮಲಗಿ ವಿಚಾರಣೆಗೆ ತೊಡಗಿದೆ. ನಮ್ಮ ಹಳೆಯ ತರ್ಕಶಾಸ್ತ್ರಿಗಳಾದ ನೈಯಾಯಿಕರು ಜಾಣರು. ಕಣ್ಣಿಗೆ ಕಂಡದ್ದನ್ನು ಒಪ್ಪಿದರು, ಬೆಟ್ಟದ ಹೊಗೆ ನೋಡಿ ಬೆಂಕಿ ಊಹಿಸುವುದನ್ನು ಒಪ್ಪಿದರು, ನಂಬತಕ್ಕವರ ಮಾತನ್ನೂ ಒಪ್ಪಿದರು. ನೆನಪನ್ನು ಮಾತ್ರ ಪ್ರಮಾಣಗಳ ಪಂಕ್ತಿಯಲ್ಲಿ ಕೂರಿಸಲಿಲ್ಲ. ಪರೀಕ್ಷೆಗೆ ಇದನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕ ಪಡೆದಿದ್ದೆ. ನನ್ನ ನೆನಪಿಗೂ ಇದು ಅನ್ವಯಿಸುತ್ತದೆ ಎಂದು ಆಗ ಯಾರೂ ಹೇಳಿರಲಿಲ್ಲ.

ಕಣ್ಣು ಮುಚ್ಚಿ ಥಾಣೆಯ ಬೆಂಚನ್ನು ಕರೆದೆ. ಬಂತು. ಸಂಜೆಯ ಬಿಸಿಲು, ನೆಲದ ಮೇಲೆ ಕಿತ್ತಳೆ ಸಿಪ್ಪೆ, ಇಬ್ಬರು ಹುಡುಗರು. ಒಬ್ಬನ ಭುಜ ಅದುರುತ್ತಿದೆ, ಇನ್ನೊಬ್ಬನ ಕೈ ಅವನ ಬೆನ್ನ ಮೇಲಿದೆ. ಎಲ್ಲ ಸ್ಪಷ್ಟ. ಒಂದೇ ತೊಡಕು: ನನಗೆ ಕಾಣುತ್ತಿರುವುದು ಇಬ್ಬರ ಬೆನ್ನುಗಳು. ನನ್ನ ಬೆನ್ನನ್ನು ನಾನು ಯಾವಾಗ ನೋಡಿದೆ? ಅದನ್ನು ನೋಡಿದವರು ಬೇರೆ ಯಾರೋ. ಆ ಸಾಕ್ಷಿಯನ್ನು ಈಗ ಎಲ್ಲಿ ಹುಡುಕಲಿ? ಕೆಳಗೆ ಯಾರದೋ ಮನೆಯ ರೇಡಿಯೋ ಹಾಡಿ ಹಾಡಿ ನಿಂತಿತು. ಆ ಕೋಣೆ ಅಷ್ಟು ದೊಡ್ಡದು ಎಂದು ನನಗೆ ಅವತ್ತೇ ತಿಳಿದದ್ದು.

ಬಾಗಿಲು ಬಡಿದ ಸದ್ದಾಯಿತು. ತೆರೆದರೆ ವಿರೂಪಾಕ್ಷ. ಕೈಯಲ್ಲಿ ರೊಟ್ಟಿಯ ಗಂಟು, ಅಂಗಿ ಬೆವರಿನಿಂದ ತೊಯ್ದು ಮೈಗಂಟಿತ್ತು. ನನ್ನ ಕೋಣೆಗೆ ಅವನು ಬಂದದ್ದು ಅದೇ ಮೊದಲು.

"ಮೈಯಾಗ ಆರಾಮ ಇಲ್ಲೇನ್ರಿ? ಮಧ್ಯಾಹ್ನದಿಂದ ನಿಮ್ಮ ತಂಗಿ ಒಂದs ಸವನ ಹೋಗ್ರಿ ಹೋಗ್ರಿ ಅಂತಾಳ."

"ಇಷ್ಟು ತಡಾ ಯಾಕಾತಪಾ?"

ಅವನು ಗಂಟು ಕೆಳಗಿಟ್ಟು ಬೇರೆ ಕಡೆ ನೋಡಿದ. "ದಾದರದಾಗ ವಿರಾರ ಗಾಡಿ ಹತ್ತಿದೆ. ಸುಡಗಾಡಂಥಾದ್ದು, ಇಲ್ಲಿ ನಿಲ್ಲಲೇ ಇಲ್ಲ. ಬೋರಿವಲಿ ನೋಡ್ಕೊಂಡು ಬಂದೆ."

ಇಂಥ ಅವಕಾಶ ತರ್ಕಶಾಸ್ತ್ರಿಗೆ ಜೀವಮಾನದಲ್ಲಿ ಒಮ್ಮೆ ಸಿಗುತ್ತದೆ. "ಹಂಗಾದ್ರ ಅಲ್ಲಿ ಅತ್ತೇನು?" ಎಂದೆ.

"ಅಳು ಬಂದಿತ್ತು ನೋಡ್ರಿ," ಎಂದ ಅವನು, ಕಿಸೆಯಿಂದ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಳ್ಳುತ್ತ. "ಕರವಸ್ತ್ರ ಇತ್ತು. ನೀವಿರ್ಲಿಲ್ಲ."

ತಮಾಷೆಗೆ ಅಂದನೋ ನಿಜವಾಗಿಯೇ ಅಂದನೋ, ನಾನು ವಿಚಾರಿಸಲಿಲ್ಲ. ಅವನು ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡ. ನನಗಿಂತ ಗೇಣುದ್ದ ಎತ್ತರದವನು. ಹಣೆಯಿಂದ ಗದ್ದದವರೆಗೆ ಪೂರ್ತಿ ಮುಖ ಅದರಲ್ಲಿ ಕೂತಿತ್ತು. "ಕನ್ನಡಿ ಛಲೋ ಜಾಗಾದಾಗ ಹೊಡದೀರಿ," ಎಂದು ಮೆಚ್ಚಿಕೊಂಡ. ನಾನು ಹೊಡೆದದ್ದಲ್ಲ ಎಂದು ಹೇಳಲು ಹೋಗಲಿಲ್ಲ.

ಸಂಜೆ ಅವನನ್ನು ಅಂಧೇರಿ ಸ್ಟೇಶನ್ನಿಗೆ ಕರೆದೊಯ್ದು ಗಾಡಿ ಹತ್ತಿಸಿದೆ. ಕಿಟಕಿಯ ಬಳಿ ನಿಂತು, "ದಾದರದಾಗ ಇಳಿ. ಅಲ್ಲಿ ಸ್ಲೋ ಗಾಡಿ ಹಿಡಿ," ಎಂದೆ. ಅವನು ಮೊದಲ ಸಲ ಕೇಳುವವನಂತೆ ತಲೆಯಾಡಿಸಿದ.

ಈಗ ಭಾನುವಾರ ಭಾಂಡುಪಿಗೆ ಹೋಗುವಾಗ ಕಿಸೆಯಲ್ಲಿ ಕರವಸ್ತ್ರ ಇಟ್ಟುಕೊಳ್ಳುತ್ತೇನೆ. ಇದುವರೆಗೆ ಅದು ಯಾರಿಗೂ ಬೇಕಾಗಿಲ್ಲ. ಥಾಣೆಯಲ್ಲಿ ಅತ್ತವನು ಯಾರೆಂದು ತೀರ್ಮಾನಿಸಲು ಇಷ್ಟು ಪುರಾವೆ ಸಾಲದು. ಊಟಕ್ಕೆ ಕೂರಲು ಸಾಕು.